ಮೋಸಕ್ಕೂ ಒಂದು ಲೆಕ್ಕವಿದೆ

ಹಿತ್ತಲಿನ ಕರಿಬೇವಿನ ಗಿಡವನ್ನೋ ನಿಂಬೆ ಗಿಡವನ್ನೋ ಒಮ್ಮೆ ನಿಧಾನವಾಗಿ ನೋಡಿ. ಎಲೆಯ ಮೇಲೆ ಹಕ್ಕಿಯ ಹಿಕ್ಕೆ ಬಿದ್ದಂತೆ ಕಾಣಬಹುದು. ಕಡ್ಡಿಯಿಂದ ಮೆಲ್ಲನೆ ಮುಟ್ಟಿದರೆ ಹಿಕ್ಕೆ ಅಲುಗಾಡುತ್ತದೆ! ಅದು ಹಿಕ್ಕೆಯಲ್ಲ, ‘ಕಾಮನ್ ಮಾರ್ಮನ್’ ಎಂಬ ಚಿಟ್ಟೆಯ ಮರಿಹುಳು. ಹಿಕ್ಕೆಯನ್ನು ಯಾವ ಹಕ್ಕಿ ತಾನೇ ತಿಂದೀತು? ಹುಳು ಬಲಿತ ಮೇಲೆ ಈ ವೇಷ ಕಳಚಿ ಎಲೆಯ ಹಸಿರು ಬಣ್ಣ ತಾಳುತ್ತದೆ.

ವೇಷ ಅಲ್ಲಿಗೇ ಮುಗಿಯುವುದಿಲ್ಲ. ಚಿಟ್ಟೆಯಾದ ಮೇಲೆ ಕೆಲವು ಹೆಣ್ಣುಗಳ ರೆಕ್ಕೆ ತಮ್ಮ ಜಾತಿಯ ಗಂಡಿನಂತಿರದೆ ‘ಕಾಮನ್ ರೋಸ್’ ಅಥವಾ ‘ಕ್ರಿಮ್ಸನ್ ರೋಸ್’ ಎಂಬ ಬೇರೆ ಚಿಟ್ಟೆಗಳನ್ನು ಹೋಲುತ್ತದೆ. ರೋಸ್ ಚಿಟ್ಟೆಗಳ ಮರಿಹುಳುಗಳು ಈಶ್ವರಿ ಬಳ್ಳಿಯ ಎಲೆ ತಿಂದು ಅದರ ವಿಷವನ್ನು ಮೈಯಲ್ಲಿ ಕೂಡಿಟ್ಟುಕೊಳ್ಳುತ್ತವೆ. ಒಮ್ಮೆ ಅಂಥ ಚಿಟ್ಟೆಗೆ ಬಾಯಿ ಹಾಕಿ ಪೇಚಾಡಿದ ಹಕ್ಕಿ ಮತ್ತೆ ಆ ಬಣ್ಣದ ಸಹವಾಸಕ್ಕೆ ಹೋಗುವುದಿಲ್ಲ. ಮಾರ್ಮನ್ ಹೆಣ್ಣಿನಲ್ಲಿ ಆ ವಿಷವಿಲ್ಲ, ವೇಷ ಮಾತ್ರ ಇದೆ. ಗುರುತು ಹಿಡಿಯಬೇಕಾದರೆ ರೆಕ್ಕೆ ಬಿಟ್ಟು ದೇಹವನ್ನು ನೋಡಬೇಕು. ದೇಹದಲ್ಲಿ ಕೆಂಪು ಎದ್ದು ಕಂಡರೆ ರೋಸ್, ಕಪ್ಪಾಗಿದ್ದರೆ ಮಾರ್ಮನ್.

ಪಕ್ಕದ ಮರದಲ್ಲಿ ಇನ್ನೊಂದು ನಾಟಕ. ಕೋಗಿಲೆ ಗೂಡು ಕಟ್ಟುವುದಿಲ್ಲ. ಕಾಗೆಯ ಗೂಡಿನಲ್ಲಿ ಮೊಟ್ಟೆಯಿಡುತ್ತದೆ. ಕಾಗೆ ಅದಕ್ಕೆ ಕಾವು ಕೊಟ್ಟು, ಮರಿಗೆ ಗುಟುಕು ಕೊಟ್ಟು ಸಾಕುತ್ತದೆ. ಪರರಿಂದ ಪೋಷಿತವಾದದ್ದು ಎಂಬ ಅರ್ಥದಲ್ಲಿ ಕೋಗಿಲೆಗೆ ‘ಪರಪುಷ್ಟ’ ಎಂಬ ಹೆಸರು ಹಿಂದಿನಿಂದಲೂ ಇದೆ.

ಹಾಗಾದರೆ ಕೋಗಿಲೆ ಕಳ್ಳಿಯೇ? ಚಿಟ್ಟೆ ವಂಚಕಿಯೇ? ಪ್ರಕೃತಿಯೇ ಮೋಸ ಮಾಡುವಾಗ ಮನುಷ್ಯ ಮಾಡಿದರೆ ತಪ್ಪೇನು ಎಂದು ವಾದಿಸುವವರೂ ಇದ್ದಾರೆ. ವಾದ ಜಾಣತನದ್ದಾಗಿ ತೋರಿದರೂ ಅದರ ಬುಡ ಸಡಿಲ.

ಇಂಗ್ಲೆಂಡಿನ ಹೆನ್ರಿ ವಾಲ್ಟರ್ ಬೇಟ್ಸ್ 1848ರಲ್ಲಿ ಅಮೆಜಾನ್ ಕಾಡಿಗೆ ಹೋಗಿ ಹನ್ನೊಂದು ವರ್ಷ ಅಲ್ಲಿದ್ದ. ವಿಷವಿಲ್ಲದ ಚಿಟ್ಟೆಗಳು ಹಕ್ಕಿಗಳಿಗೆ ರುಚಿಸದ ಚಿಟ್ಟೆಗಳನ್ನು ಹೋಲುವುದನ್ನು ಗಮನಿಸಿ, ಡಾರ್ವಿನ್ನನ ನಿಸರ್ಗದ ಆಯ್ಕೆಯ ತತ್ವದಿಂದ ಅದನ್ನು 1862ರಲ್ಲಿ ವಿವರಿಸಿದ. ರುಚಿಸದ ಚಿಟ್ಟೆಯನ್ನು ಆಕಸ್ಮಿಕವಾಗಿ ಸ್ವಲ್ಪ ಹೋಲುವಂಥದ್ದು ಹಕ್ಕಿಯ ಬಾಯಿಂದ ಪಾರಾಗುತ್ತದೆ. ಅದರ ಸಂತತಿ ಉಳಿಯುತ್ತದೆ. ಸಾವಿರಾರು ತಲೆಮಾರುಗಳಲ್ಲಿ ಹೋಲಿಕೆ ನಿಖರವಾಗುತ್ತದೆ. ನಮ್ಮ ಹಿತ್ತಲಿನ ಮಾರ್ಮನ್ ಹೆಣ್ಣಿನ ವೇಷದ ಗುಟ್ಟು ‘ಡಬಲ್‌ಸೆಕ್ಸ್’ ಎಂಬ ಒಂದೇ ಜೀನಿನಲ್ಲಿದೆ ಎಂಬುದನ್ನು ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರದ ಕೃಷ್ಣಮೇಘ ಕುಂಟೆ ಮತ್ತು ಅಮೆರಿಕದ ಸಂಶೋಧಕರು 2014ರಲ್ಲಿ ತೋರಿಸಿಕೊಟ್ಟರು. ಚಿಟ್ಟೆ ವೇಷವನ್ನು ಆರಿಸಿಕೊಂಡದ್ದಲ್ಲ, ಹುಟ್ಟುವಾಗಲೇ ಪಡೆದು ಬಂದದ್ದು. ಬೇಡವೆನ್ನುವ ಸ್ವಾತಂತ್ರ್ಯ ಅದಕ್ಕಿಲ್ಲ. ಆಯ್ಕೆಯಿಲ್ಲದ ಕಡೆ ಪಾಪ-ಪುಣ್ಯದ ಪ್ರಶ್ನೆಯೂ ಇಲ್ಲ.

ಪ್ರಕೃತಿಯಿಂದ ಕಲಿಯಬೇಕಾದದ್ದು ಬೇರೆಯೇ ಇದೆ. ಅದು ಮೋಸದ ಲೆಕ್ಕ. ಒಂದು ತೋಟದಲ್ಲಿ 90 ನಿಜವಾದ ರೋಸ್ ಚಿಟ್ಟೆಗಳೂ 10 ನಕಲಿಗಳೂ ಇವೆ ಎಂದಿಟ್ಟುಕೊಳ್ಳಿ. ಆ ಬಣ್ಣ ಕಂಡರೆ ಅಪಾಯ ಎಂಬ ಪಾಠವನ್ನು ಹಕ್ಕಿಗಳು ಬೇಗ ಕಲಿಯುತ್ತವೆ. ಈಗ ಲೆಕ್ಕ ತಿರುಗಿಸಿ: ನಿಜವಾದವು 10, ನಕಲಿ 90. ಹತ್ತರಲ್ಲಿ ಒಂಬತ್ತು ಸಲ ಹಕ್ಕಿಗೆ ರುಚಿಯಾದ ತಿಂಡಿಯೇ ಸಿಗುತ್ತದೆ. ಬಣ್ಣಕ್ಕೆ ಬೆಲೆಯಿಲ್ಲದಾಗುತ್ತದೆ. ಆಗ ನಕಲಿಯಷ್ಟೇ ಅಲ್ಲ, ಅಸಲಿ ಚಿಟ್ಟೆಯೂ ಹಕ್ಕಿಯ ಬಾಯಿಗೆ ಬೀಳುತ್ತದೆ! ಮೋಸಕ್ಕೆ ಸ್ವಂತ ಬಂಡವಾಳವಿಲ್ಲ. ಪ್ರಾಮಾಣಿಕರು ಗಳಿಸಿಟ್ಟ ನಂಬಿಕೆಯೇ ಅದರ ಬಂಡವಾಳ.

ಆಫ್ರಿಕಾದ ಕಲಹಾರಿ ಮರುಭೂಮಿಯಲ್ಲಿ ನಮ್ಮ ಕಾಜಾಣದ ಬಂಧುವೊಂದು ಈ ಲೆಕ್ಕವನ್ನು ಅರೆದು ಕುಡಿದಂತಿದೆ. ಹದ್ದು-ಗಿಡುಗ ಬಂದಾಗ ಅದು ಕೂಗಿ ಎಚ್ಚರಿಸುತ್ತದೆ. ಮುಂಗುಸಿ ಬಳಗದ ಮೀರ್‌ಕ್ಯಾಟ್‌ಗಳು ಓಡಿ ಅಡಗುತ್ತವೆ. ಕೆಲವೊಮ್ಮೆ ಯಾವ ಅಪಾಯವೂ ಇಲ್ಲದೆ ಕೂಗುತ್ತದೆ. ಅವು ಬಿಟ್ಟು ಓಡಿದ ಆಹಾರವನ್ನು ಎತ್ತಿಕೊಳ್ಳುತ್ತದೆ. ಹೀಗೆ ಕದ್ದದ್ದು ಅದರ ದಿನದ ಆಹಾರದ ಸುಮಾರು ಕಾಲು ಭಾಗ ಎಂದು ಟಾಮ್ ಫ್ಲವರ್ ಮತ್ತು ಸಂಗಡಿಗರು 2014ರಲ್ಲಿ ವರದಿ ಮಾಡಿದರು. ಒಂದೇ ಕೂಗನ್ನು ಮತ್ತೆ ಮತ್ತೆ ಕೂಗಿದರೆ ಯಾರೂ ಓಡುವುದಿಲ್ಲ. ಆಗ ಅದು ಬೇರೆ ಪ್ರಾಣಿಯ ಎಚ್ಚರಿಕೆಯ ದನಿಯನ್ನು ಅನುಕರಿಸುತ್ತದೆ. ನಿಜವಾದ ಎಚ್ಚರಿಕೆಯೇ ಇಲ್ಲದಿದ್ದರೆ ಸುಳ್ಳು ಎಚ್ಚರಿಕೆಗೆ ಓಡುವವರಾದರೂ ಯಾರು?

ಮನುಷ್ಯನ ವಿಷಯಕ್ಕೆ ಬಂದರೆ, ಎದುರಿನವರಿಗೆ ತಿಳಿಯದಂತೆ ಮಾಡುವುದೆಲ್ಲ ತಪ್ಪಲ್ಲ. 1971ರಲ್ಲಿ ಓವಲ್ ಮೈದಾನದಲ್ಲಿ ಬಿ.ಎಸ್. ಚಂದ್ರಶೇಖರ್ 38 ರನ್ನಿಗೆ 6 ವಿಕೆಟ್ ಕಿತ್ತು ಇಂಗ್ಲೆಂಡನ್ನು 101ಕ್ಕೆ ಉರುಳಿಸಿದರು. ಗೂಗ್ಲಿ ಎಸೆಯುವವನ ಕೆಲಸವೇ ಬ್ಯಾಟ್ಸ್‌ಮನ್ನನ ಕಣ್ಣು ತಪ್ಪಿಸುವುದು. ಆದರೆ ಅದು ಇಬ್ಬರೂ ಒಪ್ಪಿ ಇಳಿದ ಆಟ. ಬೌಲರ್ ಯಾಮಾರಿಸಲು ನೋಡುತ್ತಾನೆಂಬುದು ಬ್ಯಾಟ್ಸ್‌ಮನ್ನನಿಗೆ ಗೊತ್ತು. ಜಾದೂಗಾರನ ಪ್ರದರ್ಶನವೂ ಹಾಗೆಯೇ.

ಮಹಾಭಾರತವಂತೂ ಈ ಪ್ರಶ್ನೆಯನ್ನು ಎರಡೂ ಕಡೆಯಿಂದ ಕೆದಕಿದೆ. ಕರ್ಣಪರ್ವದಲ್ಲಿ ಕೃಷ್ಣ ಅರ್ಜುನನಿಗೆ ಕೌಶಿಕನ ಕಥೆ ಹೇಳುತ್ತಾನೆ. ಸತ್ಯವ್ರತಿಯಾದ ಕೌಶಿಕ, ಪ್ರಾಣಭಯದಿಂದ ಅಡಗಿದ್ದವರ ಸುಳಿವನ್ನು ಅಟ್ಟಿಸಿಕೊಂಡು ಬಂದ ದರೋಡೆಕೋರರಿಗೆ ಹೇಳಿಬಿಟ್ಟ. ಅವರು ಸತ್ತರು, ನಿಜ ಹೇಳಿದ ಕೌಶಿಕ ನರಕಕ್ಕೆ ಹೋದ. ಇನ್ನೊಂದೆಡೆ ಅಶ್ವತ್ಥಾಮನ ಸಾವಿನ ವಿಷಯದಲ್ಲಿ ಧರ್ಮರಾಯ ಅರ್ಧಸತ್ಯ ನುಡಿದ. ನೆಲದಿಂದ ನಾಲ್ಕು ಬೆರಳು ಮೇಲಿದ್ದ ಅವನ ರಥ ನೆಲಕ್ಕಿಳಿಯಿತು. ಕೌಶಿಕ ಸುಳ್ಳಾಡಿದ್ದರೆ ಉಳಿಯುತ್ತಿದ್ದುದು ಪರರ ಪ್ರಾಣ. ಧರ್ಮರಾಯನ ಮಾತಿನಿಂದ ದಕ್ಕಿದ್ದು ತನ್ನ ಪಕ್ಷದ ಗೆಲುವು, ಅದೂ ತನ್ನನ್ನು ನಂಬಿದ ಗುರುವನ್ನು ಕೆಡವಿ. ಒಂದು ಸುಳ್ಳಿನ ಲಾಭ ಯಾರಿಗೆ, ಅದರ ಬೆಲೆ ತೆರುವವರು ಯಾರು ಎಂದು ಕೇಳಿದರೆ ಬಹುಮಟ್ಟಿಗೆ ಉತ್ತರ ಸಿಗುತ್ತದೆ.

ಪರೀಕ್ಷೆಯಲ್ಲಿ ನಕಲು ಮಾಡುವುದನ್ನು ಇದೇ ತಕ್ಕಡಿಗೆ ಹಾಕಿ ನೋಡಬಹುದು. ಅಂಕಪಟ್ಟಿಗೆ ಬೆಲೆ ಬಂದಿರುವುದು ನಿದ್ದೆಗೆಟ್ಟು ಓದಿ ಬರೆದವರಿಂದ. ನಕಲು ಮಾಡಿದವನು ಅದೇ ಬಣ್ಣ ಬಳಿದುಕೊಂಡು ಅವರ ನಡುವೆ ಸೇರಿಕೊಳ್ಳುತ್ತಾನೆ. 2016ರ ಮಾರ್ಚಿನಲ್ಲಿ ದ್ವಿತೀಯ ಪಿಯುಸಿ ರಸಾಯನಶಾಸ್ತ್ರದ ಪ್ರಶ್ನೆಪತ್ರಿಕೆ ಸೋರಿಕೆಯಾಗಿ ಪರೀಕ್ಷೆ ರದ್ದಾಯಿತು. ಮರುಪರೀಕ್ಷೆಯ ಪತ್ರಿಕೆಯೂ ಸೋರಿಕೆಯಾಯಿತು. ಕೊನೆಗೆ ಏಪ್ರಿಲ್ 12ರಂದು ಪರೀಕ್ಷೆ ನಡೆಯಿತು. ಕೆಲವರು ಮಾಡಿದ ತಪ್ಪಿಗೆ ಲಕ್ಷಕ್ಕೂ ಹೆಚ್ಚು ಮಕ್ಕಳು ಮತ್ತೆ ಓದಿ ಮತ್ತೆ ಬರೆಯಬೇಕಾಯಿತು. ನಕಲಿ ಹೆಚ್ಚಿದಾಗ ಅಸಲಿಯೂ ಪೆಟ್ಟು ತಿನ್ನುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕೆ?

ಇಲ್ಲಿ ಹಿರಿಯರು ಒಂದು ಮಾತನ್ನು ಒಪ್ಪಿಕೊಳ್ಳಬೇಕು. ‘ಮೋಸ ಮಾಡಿದರೆ ಸಿಕ್ಕಿಬೀಳುತ್ತೀಯ’ ಎಂದು ಮಕ್ಕಳಿಗೆ ಹೇಳುವುದು ರೂಢಿ. ಅದು ಯಾವಾಗಲೂ ನಿಜವಲ್ಲ. ಕೋಗಿಲೆ ಇಂದಿಗೂ ಗೂಡು ಕಟ್ಟದೆಯೇ ಬಾಳುತ್ತಿದೆ. ನಕಲು ಹೊಡೆದು ಪಾಸಾಗಿ ದೊಡ್ಡ ಕುರ್ಚಿ ಹಿಡಿದವರೂ ಇದ್ದಾರೆ, ಮಕ್ಕಳು ಅವರನ್ನು ನೋಡುತ್ತಲೂ ಇದ್ದಾರೆ. ಸಿಕ್ಕಿಬೀಳುವ ಭಯವನ್ನಷ್ಟೇ ಕಲಿತ ಮಗು, ಸಿಕ್ಕಿಬೀಳದ ಉಪಾಯ ಹೊಳೆದ ದಿನ ಆ ಪಾಠವನ್ನು ಮರೆಯುತ್ತದೆ. ಸಿಕ್ಕಿಬೀಳದಿದ್ದರೂ ತಪ್ಪು ತಪ್ಪೇ, ಏಕೆಂದರೆ ಅದರ ಬೆಲೆಯನ್ನು ಪಕ್ಕದ ಬೆಂಚಿನ ಹುಡುಗಿ ತೆರುತ್ತಾಳೆ ಎಂದು ಬಿಡಿಸಿ ಹೇಳುವುದು ಮೇಲು.

ಆ ಪಾಠ ಶುರುವಾಗುವುದು ಮನೆಯಲ್ಲಿ. ಸಾಲ ಕೇಳಲು ಬಂದವರಿಗೆ ‘ಅಪ್ಪ ಮನೇಲಿಲ್ಲ ಅಂತ ಹೇಳು ಹೋಗು’ ಎಂದು ಮಗುವನ್ನು ಬಾಗಿಲಿಗೆ ಕಳಿಸಿದಾಗ, ಅರ್ಧ ಟಿಕೆಟ್ಟಿಗಾಗಿ ಬಸ್ಸಿನಲ್ಲಿ ಮಗಳ ವಯಸ್ಸನ್ನು ಒಂದು ವರ್ಷ ಇಳಿಸಿ ಹೇಳಿದಾಗ, ಮಗು ಅದನ್ನು ಗಮನಿಸುತ್ತಿರುತ್ತದೆ. ಮಾರ್ಮನ್ ಚಿಟ್ಟೆ ತನ್ನ ಬಣ್ಣವನ್ನು ಬದಲಿಸಿಕೊಳ್ಳಲಾರದು. ಕಂಡಕ್ಟರ್ ಎದುರು ನಿಂತ ಅಪ್ಪ ಮಾತ್ರ ಪೂರ್ತಿ ಟಿಕೆಟ್ ಕೇಳಬಲ್ಲ.