ಪ್ರವೇಶ ಕಚೇರಿಗೆ ಫೋನ್ ಮಾಡಿದರೆ ಸೀಟು ತಪ್ಪುತ್ತದೆಯೇ?

ಅಮೆರಿಕದ ಖಾಸಗಿ ಶಾಲೆಗಳಿಗೆ ಅರ್ಜಿ ಹಾಕುವ ಕುಟುಂಬಗಳಲ್ಲಿ ಎರಡು ನಂಬಿಕೆಗಳು ಬಲವಾಗಿವೆ. ಪ್ರವೇಶ ಕಚೇರಿಯನ್ನು ಮಾತಾಡಿಸಲು ಹೋದರೆ ಕಿರಿಕಿರಿಯ ಜನ ಎಂದು ಹೆಸರು ಕೆಡುತ್ತದೆ ಎನ್ನುವುದು ಒಂದು. ಮೇಲಿಂದ ಮೇಲೆ ಮಾತಾಡಿಸುತ್ತಿದ್ದರೆ ಆಸಕ್ತಿ ಎದ್ದು ಕಂಡು ಸೀಟು ಖಾತ್ರಿಯಾಗುತ್ತದೆ ಎನ್ನುವುದು ಇನ್ನೊಂದು. ಎರಡೂ ತಪ್ಪು.

ಮೊದಲನೆಯ ನಂಬಿಕೆ ಹುಟ್ಟುವುದು ಆ ಕಚೇರಿಯ ಕೆಲಸವೇನೆಂದು ತಿಳಿಯದೆ ಇರುವುದರಿಂದ. ಈ ಶಾಲೆಗಳು ನಡೆಯುವುದು ಹೆಚ್ಚಾಗಿ ಶುಲ್ಕ ಮತ್ತು ದೇಣಿಗೆಗಳ ಮೇಲೆ. 1778ರಲ್ಲಿ ಶುರುವಾದ ಫಿಲಿಪ್ಸ್ ಅಕಾಡೆಮಿ ಆಂಡೋವರ್, 1781ರ ಫಿಲಿಪ್ಸ್ ಎಕ್ಸೆಟರ್‌ನಂಥ ಹೆಸರಾಂತ ಬೋರ್ಡಿಂಗ್ ಶಾಲೆಗಳಿಗೆ ಅರ್ಜಿಗಳ ಕೊರತೆಯಿಲ್ಲ, ನಿಜ. ಆದರೆ ಸಾಧಾರಣ ಶಾಲೆಗಳ ಪ್ರವೇಶ ಕಚೇರಿಗೆ ಮಕ್ಕಳನ್ನು ಆರಿಸುವುದರ ಜೊತೆಗೆ ಅವರನ್ನು ಹುಡುಕಿ ಕರೆತರುವ ಹೊಣೆಯೂ ಇರುತ್ತದೆ. ವಿಚಾರಣೆಯ ಫಾರಂ ತುಂಬುವುದರಿಂದಲೇ ಪ್ರಕ್ರಿಯೆ ಆರಂಭ. ಆಮೇಲೆ ಶಾಲೆಯ ಭೇಟಿ, ಸಂದರ್ಶನ, ಎಸ್‌ಎಸ್‌ಎಟಿ ಅಥವಾ ಐಎಸ್‌ಇಇ ಪರೀಕ್ಷೆಯ ಅಂಕ, ಶಿಕ್ಷಕರ ಶಿಫಾರಸು ಪತ್ರಗಳು. ಇಷ್ಟು ಹಂತಗಳಿರುವ ಕಡೆ ಕಚೇರಿಯನ್ನು ಮಾತಾಡಿಸದೆ ಅರ್ಜಿ ಮುಗಿಸುವುದೇ ಕಷ್ಟ.

ಭಾರತದಿಂದ ಹೋದವರಿಗೆ ಸಂದರ್ಶನವೇ ವಿಚಿತ್ರವೆನಿಸಬಹುದು. ಇಲ್ಲಿ 2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಸೆಕ್ಷನ್ ಪ್ರವೇಶಕ್ಕಾಗಿ ಮಗುವನ್ನಾಗಲಿ ಪೋಷಕರನ್ನಾಗಲಿ ಜರಡಿ ಹಿಡಿಯುವುದನ್ನು ನಿಷೇಧಿಸಿದೆ. ಮೊದಲ ತಪ್ಪಿಗೆ 25,000 ರೂಪಾಯಿವರೆಗೆ ದಂಡವಿದೆ. ಕಾನೂನು ಹಾಗಿದ್ದೂ ಬೆಂಗಳೂರಿನ ಪೋಷಕರು ಎಲ್‌ಕೆಜಿ ‘ಇಂಟರ್‌ವ್ಯೂ’ಗೆ ತಯಾರಾಗುವುದು ಬೇರೆ ಮಾತು. ಅಮೆರಿಕದ ಖಾಸಗಿ ಶಾಲೆಗಳಲ್ಲಿ ಮಾತ್ರ ಸಂದರ್ಶನ ಕಾನೂನುಬದ್ಧ, ಅರ್ಜಿಯ ಮುಖ್ಯ ಭಾಗ. ಸಾಮಾನ್ಯವಾಗಿ ಮಗುವಿನೊಡನೆ ಬೇರೆ, ಪೋಷಕರೊಡನೆ ಬೇರೆಯಾಗಿ ಮಾತುಕತೆ ನಡೆಯುತ್ತದೆ. ಅದಾದ ಮೇಲೆ ನಾಲ್ಕು ಸಾಲಿನ ಕೃತಜ್ಞತೆಯ ಇಮೇಲ್ ಕಳಿಸುವುದು ಅಲ್ಲಿನ ರೂಢಿ. ಅದರಿಂದ ಸೀಟು ಸಿಗುವುದಿಲ್ಲ, ತಪ್ಪುವುದೂ ಇಲ್ಲ.

ಎರಡನೆಯ ನಂಬಿಕೆಯಲ್ಲಿ ಅರ್ಧ ಸತ್ಯವಿದೆ, ಅದಕ್ಕೇ ಅದು ಹೆಚ್ಚು ಅಪಾಯಕಾರಿ. ಸೀಟು ಕೊಟ್ಟರೆ ಈ ಮಗು ನಿಜವಾಗಿ ಸೇರುತ್ತದೆಯೇ ಎಂದು ಶಾಲೆಗಳು ಲೆಕ್ಕ ಹಾಕುತ್ತವೆ. ಆದರೆ ಆಸಕ್ತಿಯನ್ನು ಇಮೇಲ್‌ಗಳ ಸಂಖ್ಯೆಯಿಂದ ಅಳೆಯುವುದಿಲ್ಲ. ಪ್ರಬಂಧದಲ್ಲಿ, ಸಂದರ್ಶನದಲ್ಲಿ, ಕೇಳುವ ಪ್ರಶ್ನೆಯಲ್ಲಿ ಗುರುತಿಸುತ್ತಾರೆ. ‘ನಿಮ್ಮಲ್ಲಿ ರೊಬಾಟಿಕ್ಸ್ ಕ್ಲಬ್ ಇದೆಯೇ?’ ಎಂದು ಕೇಳಿದರೆ ಶಾಲೆಯ ಜಾಲತಾಣವನ್ನೇ ನೋಡಿಲ್ಲ ಎಂದಾಯಿತು. ‘ಬೀಜಗಣಿತದ ಮೊದಲ ಹಂತ ಮುಗಿಸಿದ್ದೇನೆ. ಒಂಬತ್ತನೇ ತರಗತಿಯಲ್ಲಿ ಮುಂದಿನ ಹಂತಕ್ಕೆ ಹೋಗಲು ನಿಮ್ಮಲ್ಲಿ ಪ್ರತ್ಯೇಕ ಪರೀಕ್ಷೆ ಬರೆಯಬೇಕೇ?’ ಎನ್ನುವುದು ಉತ್ತರ ಬೇಕಾಗಿ ಕೇಳಿದ ಪ್ರಶ್ನೆ. ಪ್ರೌಢಶಾಲೆಯ ಮಟ್ಟದಲ್ಲಿ ಇಂಥದನ್ನು ಮಗುವೇ ಬರೆಯುವುದು ಒಳ್ಳೆಯದು. ಹದಿಮೂರು ವರ್ಷದವರ ಭಾಷೆ ಯಾವುದು, ಅಪ್ಪನ ಭಾಷೆ ಯಾವುದು ಎಂದು ದಿನವಿಡೀ ಅದನ್ನೇ ಓದುವವರಿಗೆ ಎರಡು ಸಾಲಿನಲ್ಲಿ ಗೊತ್ತಾಗುತ್ತದೆ. ಶುಲ್ಕ, ವೀಸಾ, ಬಸ್ಸಿನ ವಿಚಾರ ಪೋಷಕರೇ ಕೇಳಬೇಕು.

ಅರ್ಜಿ ಸಲ್ಲಿಸಿದ ಮೇಲೆ ಬಾಯಿ ಮುಚ್ಚಿಕೊಂಡಿರಬೇಕು ಎನ್ನುವ ಸಲಹೆಯೂ ಪೂರ್ತಿ ಸರಿಯಲ್ಲ. ಬಹಳಷ್ಟು ಬೋರ್ಡಿಂಗ್ ಶಾಲೆಗಳಲ್ಲಿ ಕೊನೆಯ ದಿನಾಂಕ ಜನವರಿ ಮಧ್ಯದಿಂದ ಫೆಬ್ರವರಿ ಮೊದಲ ದಿನಗಳೊಳಗೆ, ಫಲಿತಾಂಶ ಮಾರ್ಚ್ 10ಕ್ಕೆ, ಒಪ್ಪಿಗೆ ತಿಳಿಸಲು ಏಪ್ರಿಲ್ 10ರವರೆಗೆ ಸಮಯ. ನಡುವಿನ ವಾರಗಳಲ್ಲಿ ಸಮಿತಿ ಕಡತಗಳನ್ನು ಓದುತ್ತಿರುತ್ತದೆ. ಆಗ ‘ನಮ್ಮ ಅರ್ಜಿ ಏನಾಯಿತು’ ಎಂದು ಕೇಳಿದರೆ ಯಾರೂ ಹೇಳುವುದಿಲ್ಲ, ಹೇಳುವಂತೆಯೂ ಇಲ್ಲ. ಆದರೆ ಪೋರ್ಟಲ್‌ನಲ್ಲಿ ಗಣಿತ ಶಿಕ್ಷಕರ ಶಿಫಾರಸು ‘ಬಂದಿಲ್ಲ’ ಎಂದು ತೋರಿಸುತ್ತಿದ್ದರೆ ಸುಮ್ಮನಿರಬಾರದು. ಆ ಪತ್ರ ಶಿಕ್ಷಕರಿಂದ ನೇರವಾಗಿ ಶಾಲೆಗೆ ಹೋಗುತ್ತದೆ, ಪೋಷಕರ ಕಣ್ಣಿಗೆ ಬೀಳುವುದಿಲ್ಲ. ಮೊದಲು ಶಿಕ್ಷಕರನ್ನು ವಿಚಾರಿಸಬೇಕು. ಕಳಿಸಿಯಾಗಿದೆ ಎಂದರೆ ಕೆಲವು ದಿನ ಕಾದು ಕಚೇರಿಗೆ ಬರೆಯಬೇಕು. ಊರು ಬದಲಾದರೆ, ಹೊಸ ಅಂಕಪಟ್ಟಿ ಬಂದರೆ ತಿಳಿಸುವುದೂ ಹೀಗೆಯೇ, ಒಂದೇ ಸಲ.

ದೊಡ್ಡವರಿಂದ ಹೇಳಿಸುವುದರ ಬಗ್ಗೆ ಇರುವ ನಂಬಿಕೆ ಮಾತ್ರ ಅಷ್ಟು ಸುಲಭಕ್ಕೆ ಹೋಗುವುದಲ್ಲ. ಹಳೆಯ ವಿದ್ಯಾರ್ಥಿಗಳ ಮಕ್ಕಳು, ಈಗಾಗಲೇ ಓದುತ್ತಿರುವವರ ತಮ್ಮ ತಂಗಿಯರು ಎಂಬ ಸಂಬಂಧವನ್ನು ಹಲವು ಶಾಲೆಗಳು ಗಮನಿಸುತ್ತವೆ. ಆದರೆ ಮಗುವನ್ನೇ ನೋಡಿರದ ಗಣ್ಯರೊಬ್ಬರ ಪತ್ರದಲ್ಲಿ ಮಗುವಿನ ಬಗ್ಗೆ ಹೇಳುವಂಥದ್ದು ಏನಿರಲು ಸಾಧ್ಯ?

ಶುಲ್ಕದ ನೆರವು ಕೇಳಿದರೆ ಅರ್ಜಿ ಕೆಳಗೆ ಹೋಗುತ್ತದೆ ಎಂಬ ಭಯಕ್ಕೆ ಉತ್ತರ ಶಾಲೆಯಿಂದ ಶಾಲೆಗೆ ಬೇರೆ. ಆಂಡೋವರ್‌ನಂಥ ಕೆಲವೇ ಶಾಲೆಗಳು ಆಯ್ಕೆಯ ಹೊತ್ತಿನಲ್ಲಿ ಕುಟುಂಬದ ಹಣಕಾಸನ್ನು ನೋಡುವುದಿಲ್ಲ. ಉಳಿದ ಹಲವೆಡೆ ನೆರವಿನ ನಿಧಿಗೆ ಮಿತಿಯಿರುವುದರಿಂದ ಅದು ಲೆಕ್ಕಕ್ಕೆ ಬರಬಹುದು. ಹಾಗೆಂದು ಈಗ ಮುಚ್ಚಿಟ್ಟು ಸೀಟು ಸಿಕ್ಕ ಮೇಲೆ ಕೇಳೋಣವೆಂದರೆ ಆ ಹೊತ್ತಿಗೆ ಹಣ ಹಂಚಿ ಮುಗಿದಿರುತ್ತದೆ. ಕಚೇರಿಗೆ ಮೊದಲೇ ಫೋನ್ ಮಾಡಿ ಕೇಳಲೇಬೇಕಾದ ಪ್ರಶ್ನೆ ಯಾವುದಾದರೂ ಇದ್ದರೆ ಇದೇ.

ವೇಟ್‌ಲಿಸ್ಟ್‌ಗೆ ಬಿದ್ದಾಗ ಪಟ್ಟಿಯಲ್ಲಿ ಉಳಿಯುವ ಇಚ್ಛೆ ತಿಳಿಸಿ, ಕರೆದರೆ ಸೇರುವುದು ಖಂಡಿತವಿದ್ದರೆ ಅದನ್ನೂ ಬರೆಯಬೇಕು. ‘ನಿಮ್ಮದೇ ನಮ್ಮ ಮೊದಲ ಆಯ್ಕೆ’ ಎಂಬ ಸಾಲನ್ನು ಮೂರು ಶಾಲೆಗಳಿಗೆ ಕಳಿಸಬಾರದು. ಈಗಿನ ಶಾಲೆಯ ಸಲಹೆಗಾರರು ಆ ಮೂರೂ ಕಚೇರಿಗಳೊಂದಿಗೆ ಮಾತಾಡುವುದುಂಟು. ಫಲಿತಾಂಶ ‘ಇಲ್ಲ’ ಎಂದೇ ಬಂದರೆ ವಾದಿಸಿ ಬದಲಿಸುವುದು ಬಹುತೇಕ ಅಸಾಧ್ಯ. ಮುಂದಿನ ವರ್ಷ ಮತ್ತೆ ಅರ್ಜಿ ಹಾಕಲು ಸಾಮಾನ್ಯವಾಗಿ ಅಡ್ಡಿಯಿಲ್ಲ.