ಒಲೆಯ ಮುಂದೆ ಎಷ್ಟು ತಾಸು?

ಕೆಮ್ಮು, ದಮ್ಮು ಅಂತ ಅಥಣಿ, ರಾಯಬಾಗದ ಹಳ್ಳಿಗಳಿಂದ ದವಾಖಾನೆಗೆ ಬರುವ ಗಂಡಸರಿಗೆ ಮೊದಲ ಪ್ರಶ್ನೆ ಬೀಡಿಯದು. ಹೆಂಗಸರಿಗೆ ಬೇರೆಯದನ್ನೇ ಕೇಳಬೇಕು: 'ಒಲಿ ಮುಂದ ದಿನಾ ಎಷ್ಟ್ ತಾಸ ಕುಂದರ್ತೀರಿ ಅಕ್ಕಾರ? ಎಷ್ಟ್ ವರ್ಷ ಆತು?'

ಈ ಎರಡು ಉತ್ತರಗಳನ್ನು ಗುಣಿಸುವ ಲೆಕ್ಕವನ್ನೇ ಮೈಸೂರು ಜಿಲ್ಲೆಯ ಹಳ್ಳಿ ಹೆಂಗಸರ ಅಧ್ಯಯನವೊಂದು ಬಳಸಿತು. 2013ರಲ್ಲಿ ಪ್ರಕಟವಾದ ಅದರ ಪ್ರಕಾರ, ಲೆಕ್ಕ 60 ಮುಟ್ಟಿದರೆ ಬಹುಕಾಲ ಕಾಡುವ ಕಫ-ಕೆಮ್ಮಿನ ಅಪಾಯ ಎದ್ದು ಕಾಣುತ್ತದೆ. 15ನೇ ವಯಸ್ಸಿಗೆ ರೊಟ್ಟಿ ಬಡಿಯಲು ಕೂತ ಹುಡುಗಿ, ದಿನಕ್ಕೆ ಮೂರು ತಾಸಿನಂತೆ, 35ಕ್ಕೇ ಅಲ್ಲಿಗೆ ತಲುಪುತ್ತಾಳೆ. ಬೀಡಿ ಮುಟ್ಟಿದವಳೇ ಅಲ್ಲ.

ಹೊಗೆ ಹೊಟ್ಟೆಯೊಳಗಿನ ಕೂಸನ್ನೂ ಬಿಡುವುದಿಲ್ಲ. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಮಹಾವಿದ್ಯಾಲಯವಿರುವ ಸಂಶೋಧನಾ ಜಾಲ, ನಮ್ಮ ಜಿಲ್ಲೆಯಿಂದ ಕೀನ್ಯಾ, ಗ್ವಾಟೆಮಾಲಾವರೆಗೆ 65 ಸಾವಿರಕ್ಕೂ ಹೆಚ್ಚು ಹೆರಿಗೆಗಳನ್ನು ಪರಿಶೀಲಿಸಿ 2015ರಲ್ಲಿ ವರದಿ ಮಾಡಿತು. ಕಟ್ಟಿಗೆ, ಕುಳ್ಳು ಉರಿಸುವ ಮನೆಗಳಲ್ಲಿ ಹೆರಿಗೆಯ ಆಸುಪಾಸಿನ ಶಿಶುಮರಣ ಹೆಚ್ಚಿತ್ತು.

ಹಾಗಾದರೆ ಗ್ಯಾಸ್ ಕೊಟ್ಟರೆ ಮುಗಿಯಿತೇ? ಭಾರತದ ತಮಿಳುನಾಡೂ ಸೇರಿ ನಾಲ್ಕು ದೇಶಗಳಲ್ಲಿ ಸುಮಾರು 3,200 ಗರ್ಭಿಣಿಯರ ಮೇಲೆ ನಡೆದ ಪ್ರಯೋಗದಲ್ಲಿ ಗ್ಯಾಸ್ ಪಡೆದವರ ಮೈಗೆ ತಗಲುವ ಹೊಗೆ ಬಹಳ ಇಳಿಯಿತು. ಕೂಸಿನ ತೂಕ ಮಾತ್ರ ಹೇಳಿಕೊಳ್ಳುವಷ್ಟು ಏರಲಿಲ್ಲ. ಗ್ಯಾಸ್ ವ್ಯರ್ಥ ಎಂದು ನಾನು ಇದನ್ನು ಓದುವುದಿಲ್ಲ. ಬಸುರಾದ ಮೇಲೆ ಒಲೆ ಬದಲಿಸಿದರೆ ಹಿಂದಿನ ವರ್ಷಗಳ ಹೊಗೆ ಎಲ್ಲಿ ಹೋಗಬೇಕು? ನಮ್ಮಲ್ಲಂತೂ ಒಲೆ ಪೂರ್ತಿ ಬದಲಾಗಿಯೇ ಇಲ್ಲ. ಚಹಾ, ಪಲ್ಲೆ ಗ್ಯಾಸಿನ ಮೇಲೆ. ರೊಟ್ಟಿಯ ಹಂಚು, ಸ್ನಾನದ ನೀರಿನ ಹಂಡೆ ಕಟ್ಟಿಗೆಯ ಮೇಲೆ. ಒದ್ದೆ ಕಟ್ಟಿಗೆ ಹೊತ್ತದಿದ್ದಾಗ ಬಗ್ಗಿ ಊದುಗೊಳವೆಯಿಂದ ಊದುವ ಆ ಗಳಿಗೆಯಲ್ಲೇ ಮುಖ ಹೊಗೆಗೆ ತೀರ ಹತ್ತಿರ.

ಹೊಗೆ ಒಲೆಯದಷ್ಟೇ ಅಲ್ಲ. ಕಬ್ಬು ಕಟಾವಾದ ಮೇಲೆ ಚಿಕ್ಕೋಡಿ, ಕಾಗವಾಡದ ಹೊಲಗಳಲ್ಲಿ ರವದಿಗೆ, ಅಂದರೆ ಉಳಿದ ಒಣ ಗರಿಗೆ, ಬೆಂಕಿ ಬೀಳುತ್ತದೆ. ಆ ಹೊಗೆಯಲ್ಲಿಯೂ 2.5 ಮೈಕ್ರಾನ್‌ಗಿಂತ ಸಣ್ಣ, ಶ್ವಾಸಕೋಶದ ತಳಕ್ಕಿಳಿಯುವ ಕಣಗಳಿವೆ. ಒಲೆಯ ತಾಸುಗಳ ಲೆಕ್ಕಕ್ಕೆ ಇದು ಸಿಗುವುದೇ ಇಲ್ಲ. ರವದಿ ಕತ್ತರಿಸಿ ಸಾಲಿನಲ್ಲೇ ಹಾಸಿದರೆ ಕುಳೆ ಕಬ್ಬಿಗೆ ತೇವ ಉಳಿಯುತ್ತದೆ, ಮಣ್ಣಿಗೆ ಗೊಬ್ಬರವಾಗುತ್ತದೆ. ಆಳಿನ ಖರ್ಚಿಗೆ ಹೆದರಿ ಕಡ್ಡಿ ಗೀರುವ ರೈತನನ್ನು ಬರೀ ಬೈದು ಫಲವಿಲ್ಲ. ಕತ್ತರಿಸುವ ಯಂತ್ರ ಬಾಡಿಗೆಗೆ ಕೈಗೆಟುಕಬೇಕು.

ಎರಡೂ ಹೊಗೆ ಒಟ್ಟಿಗೆ ಕುಡಿಯುವವರು ಮಹಾರಾಷ್ಟ್ರದಿಂದ ಬರುವ ಕಬ್ಬು ಕಡಿಯುವ ಗ್ಯಾಂಗಿನ ಹೆಂಗಸರು. ನಸುಕಿನಲ್ಲಿ ಗುಡಿಸಲ ಮುಂದೆ ಮೂರು ಕಲ್ಲಿನ ಒಲೆ, ಹಗಲೆಲ್ಲ ಹೊಲ. ಅವರಿಗೆ ಗ್ಯಾಸ್ ಸಂಪರ್ಕವಿದ್ದರೂ ಅದು ಸ್ವಂತ ಊರಿನ ವಿಳಾಸದಲ್ಲಿ. ವಿಳಾಸದ ದಾಖಲೆ ಕೇಳದೆ ಮಾರುವ 5 ಕೆ.ಜಿ. ಸಿಲಿಂಡರ್ ಇದೆ, ಗ್ಯಾಂಗಿಗೆ ಮುಂಗಡ ಕೊಡುವ ದಿನವೇ ಸಕ್ಕರೆ ಕಾರ್ಖಾನೆಗಳು ಅದನ್ನೂ ಕೊಡಿಸಲಿ.