ತತ್ತಿ ನಿಲ್ಲಿಸಿದ ಹೇಂಟೆ

ಹಿತ್ತಲಲ್ಲಿ ಎರಡು ಕೋಳಿ ಸಾಕುವ ವಿಚಾರ ಬಂದಾಗ ಯಾವ ತಳಿ ತರಬೇಕು, ಎಷ್ಟು ಮೊಟ್ಟೆ ಸಿಕ್ಕೀತು, ಮೇವಿಗೆ ಎಷ್ಟು ಖರ್ಚಾದೀತು ಎಂದು ಎಲ್ಲರೂ ಕೇಳುತ್ತಾರೆ. ಅದೇ ಕೋಳಿಗೆ ಐದಾರು ವರ್ಷ ತುಂಬಿ, ಮೊಟ್ಟೆ ನಿಂತು, ನಡಿಗೆ ಕುಗ್ಗಿದ ಮೇಲೆ ಏನು ಮಾಡಬೇಕೆಂದು ಕೇಳುವವರು ಕಡಮೆ. ಬಹುತೇಕ ಆ ದಿನ ಬರುವುದಕ್ಕೆ ಮೊದಲೇ ಕೋಳಿ ಮಾರಾಟವಾಗಿರುತ್ತದೆ, ಇಲ್ಲವೆ ಅಡುಗೆಮನೆ ಸೇರಿರುತ್ತದೆ. ಅದು ನಮ್ಮಲ್ಲಿ ಹೊಸ ಪದ್ಧತಿಯೇನಲ್ಲ. ಹಾಗೆ ಮಾಡುವವರೊಡನೆ ನಮ್ಮ ಜಗಳವೂ ಇಲ್ಲ. ಆದರೆ ಮಕ್ಕಳು ಹೆಸರಿಟ್ಟು ಕರೆದ ಕೋಳಿಯನ್ನು ಕೊನೆಯವರೆಗೂ ಸಾಕುತ್ತೇವೆಂದು ನಿಶ್ಚಯಿಸಿದ ಮನೆಗಳೂ ಉಂಟು. ಅಂಥ ಮನೆಯವರಿಗಾಗಿ ಈ ನಾಲ್ಕು ಮಾತು.

ಹಿಮಾಯತ್‌ನಗರದಲ್ಲಿ ಹಿತ್ತಲುಳ್ಳ ಮನೆಗಳು ಕಡಮೆಯಾಗುತ್ತಿವೆ. ಹಳೆಯ ಬಂಗಲೆಗಳಿದ್ದೆಡೆ ಅಪಾರ್ಟ್‌ಮೆಂಟುಗಳು ಎದ್ದಿವೆ. ಆದರೂ ಒಳಗಲ್ಲಿಗಳಲ್ಲಿ ಮರದಡಿ ಒಂದು ಗೂಡಿಗೆ ಜಾಗವಿರುವ ಅಂಗಳಗಳು ಉಳಿದಿವೆ. 1956ಕ್ಕೆ ಮೊದಲು ಬೀದರ, ಕಲಬುರಗಿ, ರಾಯಚೂರು ಜಿಲ್ಲೆಗಳು ಹೈದರಾಬಾದ್ ರಾಜ್ಯದಲ್ಲಿದ್ದವಷ್ಟೆ. ಆ ಕಡೆಯಿಂದ ಬಂದ ಮನೆಗಳಲ್ಲಿ ತತ್ತಿ ಎನ್ನುತ್ತಾರೆ, ಮೈಸೂರು ಕಡೆಯವರು ಮೊಟ್ಟೆ ಎನ್ನುತ್ತಾರೆ. ಕೋಳಿಗೆ ಎರಡೂ ಒಂದೇ. ಇದೇ ಊರಿನ ರಾಜೇಂದ್ರನಗರದಲ್ಲಿ 1988ರಲ್ಲಿ ಆರಂಭವಾದ ಕೋಳಿ ಸಂಶೋಧನೆಯ ಕೇಂದ್ರ ಸಂಸ್ಥೆಯಿದೆ. ಹಿತ್ತಲಿನ ಸಾಕಣೆಗೆಂದೇ ಸಿದ್ಧಪಡಿಸಿದ ವನರಾಜ, ಗ್ರಾಮಪ್ರಿಯ ತಳಿಗಳು ಅಲ್ಲಿಂದ ಬಂದವು. ನಮ್ಮ ಬೆಂಗಳೂರಿನ ಹೆಬ್ಬಾಳದಿಂದ ಗಿರಿರಾಜ ಬಂದಿತು. ತಳಿ ಯಾವುದಾದರೂ ಮುಪ್ಪು ಎಲ್ಲಕ್ಕೂ ಬರುತ್ತದೆ.

ತತ್ತಿ ನಿಲ್ಲುವುದೇಕೆ?

ಹೇಂಟೆಯಲ್ಲಿ ಎಡಬದಿಯ ಅಂಡಾಶಯ ಒಂದೇ ಪೂರ್ತಿಯಾಗಿ ಬೆಳೆದು ಕೆಲಸ ಮಾಡುತ್ತದೆ. ಐದಾರು ತಿಂಗಳಿಗೆ ಮೊಟ್ಟೆ ಇಡಲು ತೊಡಗಿದರೆ ಮೊದಲ ವರ್ಷದಲ್ಲೇ ಹೆಚ್ಚು ಇಡುತ್ತದೆ. ಆಮೇಲೆ ವರ್ಷ ವರ್ಷಕ್ಕೂ ಇಳಿಯುತ್ತದೆ. ಒಂದು ಮೊಟ್ಟೆ ಸಿದ್ಧವಾಗಲು ಒಂದು ದಿನದ ಮೇಲೆ ಸ್ವಲ್ಪ ಹೊತ್ತು ಬೇಕು. ಅದರ ಚಿಪ್ಪಿಗೆ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಬೇಕಾಗುತ್ತದೆ; ಅದರಲ್ಲಿ ಒಂದು ಪಾಲನ್ನು ಹೇಂಟೆ ತನ್ನ ಎಲುಬಿನಿಂದಲೇ ತೆಗೆದುಕೊಡುತ್ತದೆ. ಹೀಗೆ ವರ್ಷಗಟ್ಟಲೆ ಮೊಟ್ಟೆ ಕೊಟ್ಟ ಕೋಳಿಯ ಎಲುಬು ದುರ್ಬಲವಾಗಿರುವುದು ಸಹಜ.

ವರ್ಷಕ್ಕೊಮ್ಮೆ ಪುಕ್ಕ ಉದುರಿಸುವ ಕಾಲದಲ್ಲಿಯೂ ಮೊಟ್ಟೆ ನಿಲ್ಲುತ್ತದೆ. ಅದನ್ನು ಮುಪ್ಪೆಂದು ತಿಳಿಯಬೇಕಾಗಿಲ್ಲ. ಹೊಸ ಪುಕ್ಕ ಬಂದ ಮೇಲೆ ಮತ್ತೆ ಇಡಬಹುದು. ಒಳ್ಳೆಯ ಆರೈಕೆಯಲ್ಲಿ ಆರರಿಂದ ಎಂಟು ವರ್ಷ ಬದುಕುವ ಹೇಂಟೆಗಳು ಅಪರೂಪವಲ್ಲ. ಅಮೆರಿಕದ ಮಿಷಿಗನ್ನಿನ ಪೀನಟ್ ಎಂಬ ಹೇಂಟೆ 20 ವರ್ಷ ದಾಟಿ 2023ರಲ್ಲಿ ಗಿನ್ನೆಸ್ ದಾಖಲೆ ಸೇರಿತು. ಅದೇ ವರ್ಷದ ಕೊನೆಯಲ್ಲಿ ತೀರಿಕೊಂಡಿತು.

ಗೂಡು

ಮುದಿ ಕೋಳಿಗೆ ಮೊದಲು ಕಷ್ಟವಾಗುವುದು ಏರುವುದು ಮತ್ತು ಇಳಿಯುವುದು. ರಾತ್ರಿ ಕೂರುವ ಅಡ್ಡಗೋಲನ್ನು ನೆಲದಿಂದ ಒಂದು ಅಡಿಗಿಂತ ಕೆಳಗೆ ಕಟ್ಟಬೇಕು. ಅದಕ್ಕೂ ಏರಲಾರದಾದರೆ ನೆಲದ ಮೇಲೆ ಮೂರು ನಾಲ್ಕು ಅಂಗುಲ ಭತ್ತದ ಹೊಟ್ಟು ಹರಡಿ ಅಲ್ಲಿಯೇ ಮಲಗಗೊಡಬೇಕು. ಹೊಟ್ಟು ಒದ್ದೆಯಾದ ಕೂಡಲೆ ಬದಲಿಸುವುದು ಅಗತ್ಯ. ಹಿಕ್ಕೆಯ ಘಾಟು ಕಣ್ಣಿಗೂ ಉಸಿರಿಗೂ ಕೇಡು. ಓಡಲಾರದ ಕೋಳಿ ಮುಂಗುಸಿಗೂ ಬೆಕ್ಕಿಗೂ ಸುಲಭದ ಬೇಟೆಯಾದ್ದರಿಂದ ಬಾಗಿಲಿನ ಅಗಳಿ ಭದ್ರವಾಗಿರಲಿ.

ಕೋಳಿಗಳೊಳಗೆ ಮೇಲು ಕೀಳಿನ ಸರದಿಯೊಂದು ಇರುತ್ತದೆ. ಯಾವುದು ಯಾವುದನ್ನು ಕುಕ್ಕಬಹುದು ಎಂಬ ಈ ಕಟ್ಟಳೆಯನ್ನು ನಾರ್ವೆಯ ಪ್ರಾಣಿಶಾಸ್ತ್ರಜ್ಞ ಶೆಲ್ಡರಪ್-ಎಬ್ಬೆ 1921ರಲ್ಲಿ ವಿವರಿಸಿದರು. ನಮ್ಮ ಹಳ್ಳಿಯ ಹೆಂಗಸರು ಅದನ್ನು ಕಣ್ಣಾರೆ ಕಂಡವರೇ. ನಿನ್ನೆ ಯಜಮಾನಿಯಾಗಿದ್ದ ಹೇಂಟೆ ಸೊರಗಿದರೆ ಎಳೆಯವು ಅದನ್ನು ಮೇವಿನಿಂದ ಓಡಿಸುತ್ತವೆ. ಆದುದರಿಂದ ಅದಕ್ಕೆ ಬೇರೆ ತಟ್ಟೆಯಲ್ಲಿ, ಬೇರೆ ಮೂಲೆಯಲ್ಲಿ ಮೇವಿಡಬೇಕು. ಆದರೆ ಪೂರ್ತಿ ಒಂಟಿಯಾಗಿ ಬಚ್ಚಿಡಬಾರದು. ಜಾಲರಿಯ ಆಚೆಗಾದರೂ ಉಳಿದವು ಕಾಣುತ್ತಿರಲಿ.

ಮೇವು

ಅಂಗಡಿಯ ಲೇಯರ್ ಮೇವಿನಲ್ಲಿ ಮೊಟ್ಟೆಯ ಚಿಪ್ಪಿಗೆಂದು ಕ್ಯಾಲ್ಸಿಯಂ ನೂರಕ್ಕೆ ಮೂರೂವರೆ ನಾಲ್ಕರಷ್ಟು ಇರುತ್ತದೆ. ಮೊಟ್ಟೆ ಇಡದ ಕೋಳಿಗೆ ನೂರಕ್ಕೆ ಒಂದರಷ್ಟು ಸಾಕು. ಹೆಚ್ಚಾದುದು ಮೂತ್ರಪಿಂಡಕ್ಕೆ ಭಾರ. ಆದುದರಿಂದ ಮೊಟ್ಟೆ ನಿಂತ ಮೇಲೆ ಗ್ರೋವರ್ ಮೇವಿಗೆ ಬದಲಿಸುವುದು ಮೇಲು. ಇಡುವ ಕೋಳಿಗಳೂ ಜೊತೆಗಿದ್ದರೆ ಚಿಪ್ಪಿನ ಪುಡಿಯನ್ನು ಬೇರೆ ಬಟ್ಟಲಲ್ಲಿ ಇಟ್ಟರಾಯಿತು, ಬೇಕಾದವು ತಿನ್ನುತ್ತವೆ. ದಿನಕ್ಕೆ ಸುಮಾರು 100 ಗ್ರಾಂ ಮೇವು ಸಾಕು. ಜೋಳದ ನುಚ್ಚು, ಸಜ್ಜೆ, ಹೆಚ್ಚಿದ ಸೊಪ್ಪು ಸ್ವಲ್ಪ ಸ್ವಲ್ಪ ಕೊಡಬಹುದು. ಉಪ್ಪು ಎಣ್ಣೆ ಹಾಕಿದ ಅಡುಗೆ ಬೇಡ. ಬೂಷ್ಟು ಹಿಡಿದ ಜೋಳ, ಶೇಂಗಾ ಹಿಂಡಿಗಳನ್ನು ಕೋಳಿಗೆ ತಾನೇ ಎಂದು ಹಾಕುವ ರೂಢಿಯನ್ನಂತೂ ಬಿಡಬೇಕು. ಆ ಬೂಷ್ಟಿನ ವಿಷ ಯಕೃತ್ತನ್ನು ಕೆಡಿಸುತ್ತದೆ.

ಬೇಸಗೆ

ಕೋಳಿಗೆ ಬೆವರಿಲ್ಲ. ಅದರ ಮೈಶಾಖವೇ 41–42 ಡಿಗ್ರಿ. ಏಪ್ರಿಲ್ ಮೇ ತಿಂಗಳಲ್ಲಿ ಇಲ್ಲಿಯ ಬಿಸಿಲು 40 ದಾಟಿದಾಗ ಬಾಯಿ ತೆರೆದು ಏದುತ್ತ, ರೆಕ್ಕೆ ಜೋಲಿಸಿ ನಿಲ್ಲುವುದೊಂದೇ ಅದಕ್ಕಿರುವ ಉಪಾಯ. ಮುದಿ ಕೋಳಿ ಇದನ್ನು ಹೆಚ್ಚು ಹೊತ್ತು ತಾಳದು. ಮಣ್ಣಿನ ತಟ್ಟೆಯಲ್ಲಿ ನೀರಿಟ್ಟು ದಿನಕ್ಕೆ ಮೂರು ಸಲ ಬದಲಿಸಿ; ಗೂಡಿನ ಬಿಸಿಲ ಕಡೆಗೆ ಒದ್ದೆ ಗೋಣಿತಾಟು ಕಟ್ಟಿ; ಮೇವನ್ನು ತಂಪು ಹೊತ್ತಿನಲ್ಲಿ, ಬೆಳಗ್ಗೆ ಸಂಜೆ ಮಾತ್ರ ಹಾಕಿ. ಡಿಸೆಂಬರ್ ಜನವರಿಯ ರಾತ್ರಿಗಳಲ್ಲಿ ಗಾಳಿ ನೇರವಾಗಿ ಬೀಸದಂತೆ ಮರೆ ಮಾಡಿದರೆ ಸಾಕು.

ಕೈಯಿಂದ ನೋಡುವುದು

ಕೋಳಿ ತನ್ನ ನೋವನ್ನು ಮುಚ್ಚಿಡುತ್ತದೆ. ಪುಕ್ಕದ ಮೇಲೆ ನೋಡಿದರೆ ದುಂಡಗಿರುತ್ತದೆ. ಎತ್ತಿದಾಗ ಎದೆಯ ಎಲುಬು ಚೂರಿಯಂತೆ ಕೈಗೆ ತಾಗುತ್ತದೆ. ನಮ್ಮಲ್ಲಿರುವ ಏಳು ವರ್ಷದ ಹೇಂಟೆಯನ್ನು ಪ್ರತಿ ಭಾನುವಾರ ಬುಟ್ಟಿಯಲ್ಲಿ ಕೂರಿಸಿ ತೂಗುತ್ತೇವೆ. ತೂಕವನ್ನು ಕ್ಯಾಲೆಂಡರಿನಲ್ಲಿ ಬರೆಯುವುದು ಮಗಳ ಕೆಲಸ. ಸಂಜೆ ಗಂಟಲ ಕೆಳಗಿನ ಮೇವಿನ ಚೀಲವನ್ನು ಮುಟ್ಟಿನೋಡುವುದು ಅಜ್ಜಿಯದು. ಆ ಚೀಲ ರಾತ್ರಿ ತುಂಬಿರಬೇಕು, ಬೆಳಗ್ಗೆ ಬರಿದಾಗಿರಬೇಕು. ಬೆಳಗ್ಗೆಯೂ ಗಟ್ಟಿಯಾಗಿ ತುಂಬಿದ್ದರೆ ಮೇವು ಸಿಕ್ಕಿಕೊಂಡಿದೆ ಎಂದರ್ಥ. ಹೀಗೆ ಮುಟ್ಟಿ ತಿಳಿಯುವ ವಿದ್ಯೆಯನ್ನು ಹಳ್ಳಿಯಿಂದ ಬಂದ ಅಜ್ಜಿಯರು ಬಲ್ಲರು. ಅವರ ಬಳಿ ಮಕ್ಕಳನ್ನು ಕೂರಿಸಿದರೆ ವಿದ್ಯೆಯ ಜೊತೆಗೆ ಹೇಂಟೆ, ಹುಂಜ, ಕಾವು, ಹಿಕ್ಕೆ ಎಂಬ ಮಾತುಗಳೂ ಅವರಿಗೆ ದಕ್ಕುತ್ತವೆ. ಬೀದಿಯಲ್ಲಿ ತೆಲುಗು, ಶಾಲೆಯಲ್ಲಿ ಇಂಗ್ಲಿಷು ಆಡುವ ಮಕ್ಕಳಿಗೆ ಇವನ್ನು ಬೇರೆ ಯಾರು ಕಲಿಸಬೇಕು?

ಕಾಲಿನ ಹುರುಪೆ ಎದ್ದು ಒರಟಾದರೆ ಅದು ನುಸಿಯ ಕಾಟ. ಕಾಲು ತೊಳೆದು ಕೆಲವು ವಾರ ವ್ಯಾಸಲೀನ್ ಸವರುತ್ತಿದ್ದರೆ ಇಳಿಯುತ್ತದೆ. ಅಂಗಾಲಿನಲ್ಲಿ ಕಪ್ಪು ಹೊಪ್ಪಳೆ ಕಟ್ಟಿ ಊದಿದ್ದರೆ ಒಳಗೆ ಕೀವಿರಬಹುದು, ಮನೆಯಲ್ಲಿ ಕೊಯ್ಯಬಾರದು. ಮೊಟ್ಟೆ ಸಿಕ್ಕಿಕೊಂಡ ಹೇಂಟೆ ಮೈ ಉಬ್ಬಿಸಿ ಮುಕ್ಕರಿಯುತ್ತದೆ. ಉಗುರುಬೆಚ್ಚಗಿನ ನೀರಿನಲ್ಲಿ ಕಾಲು ಗಂಟೆ ಕೂರಿಸಿ ಒರಸಿ ಬೆಚ್ಚಗಿಡಿ. ಆಗಲೂ ಬಾರದಿದ್ದರೆ ಅದೇ ದಿನ ವೈದ್ಯರಿಗೆ ತೋರಿಸಬೇಕು. ಹೊಟ್ಟೆ ನೀರು ತುಂಬಿದ ಚೀಲದಂತೆ ಊದಿದರೆ ಒಳಗೆ ಭಂಡಾರ ಸೋರಿರಬಹುದು, ಗಡ್ಡೆಯೂ ಇರಬಹುದು. ಮುದಿ ಹೇಂಟೆಗೆ ಅಂಡಾಶಯದ ಕ್ಯಾನ್ಸರ್ ತಾನಾಗಿಯೇ ಬರುವುದುಂಟು. ಅದು ಸ್ತ್ರೀಯರ ಕಾಯಿಲೆಯನ್ನು ಹೋಲುವುದರಿಂದ ಸಂಶೋಧಕರು ಹೇಂಟೆಗಳನ್ನು ಅಭ್ಯಾಸ ಮಾಡುತ್ತಾರೆ. ಇಂಥಲ್ಲಿ ಮನೆಮದ್ದು ನಡೆಯದು. ನಮ್ಮ ಬಡಾವಣೆಗೆ ಸಮೀಪದ ನಾರಾಯಣಗೂಡದಲ್ಲಿಯೇ ಸರ್ಕಾರಿ ಪಶು ಆಸ್ಪತ್ರೆಯಿದೆ. ಔಷಧ ಕೊಟ್ಟರೆ ಎಷ್ಟು ದಿನ ಮೊಟ್ಟೆ ತಿನ್ನಬಾರದೆಂದು ಅಲ್ಲಿಯೇ ಕೇಳಿಕೊಳ್ಳಿ.

ಹಲವು ಕೋಳಿಗಳು ಒಮ್ಮೆಲೆ ಸತ್ತರೆ ಅದು ಮುಪ್ಪಲ್ಲ. ಕೊಕ್ಕರೆ ರೋಗವಿರಬಹುದು; 2006ರಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ ಭಾರತಕ್ಕೆ ಮೊದಲು ಕಾಣಿಸಿಕೊಂಡ ಹಕ್ಕಿಜ್ವರವೂ ಇರಬಹುದು. ಬರಿಗೈಯಲ್ಲಿ ಮುಟ್ಟದೆ ಪಶುಸಂಗೋಪನಾ ಇಲಾಖೆಗೆ ತಿಳಿಸಬೇಕು.

ಕೊನೆಯ ದಿನಗಳು

ಮೇವು ಬಿಟ್ಟು, ಕಾಲ ಮೇಲೆ ನಿಲ್ಲಲಾರದೆ, ಪ್ರತಿ ಉಸಿರಿಗೂ ಕಷ್ಟಪಡುವ ಕೋಳಿಗೆ ಬಾಯಲ್ಲಿ ನೀರು ಹಾಕಿ ಹಾಕಿ ದಿನ ದೂಡುವುದು ದಯೆಯಲ್ಲ. ಅದು ನಮ್ಮ ಸಂಕಟವನ್ನು ಮುಂದಕ್ಕೆ ಹಾಕುವುದಷ್ಟೆ. ಆಗ ವೈದ್ಯರನ್ನು ಕೇಳಿ, ನೋವಿಲ್ಲದ ಚುಚ್ಚುಮದ್ದಿಗೆ ಒಪ್ಪುವುದೇ ಸರಿ ಎಂದು ನಮ್ಮ ಅಭಿಪ್ರಾಯ. ಕೆಲವರ ಮನಸ್ಸು ಒಪ್ಪದು; ಅವರು ನೆರಳು, ಮೆತ್ತನೆಯ ಹಾಸು, ಕೊಕ್ಕಿಗೆ ಎಟಕುವ ನೀರು ಇವಿಷ್ಟನ್ನು ತಪ್ಪಿಸದಿರಲಿ. ಸತ್ತ ಮೇಲೆ ನಾಯಿ ಬಗೆಯದಷ್ಟು ಆಳದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಬೇಕು.

ಮಕ್ಕಳು ಕೇಳಿದಾಗ “ಊರಿಗೆ ಕಳಿಸಿಬಿಟ್ಟೆವು” ಎನ್ನುವ ಮಾತು ಬೇಡ. ರಜೆಯಲ್ಲಿ ಊರಿಗೆ ಹೋದಾಗ ಅವರು ಗೂಡಿನಲ್ಲಿ ಇಣುಕಿ ನೋಡುತ್ತಾರೆ. ಕೋಳಿಗೆ ವಯಸ್ಸಾಗಿತ್ತು, ಕಾಯಿಲೆ ಬಂದಿತ್ತು, ಆಗುವಷ್ಟು ನೋಡಿಕೊಂಡೆವು ಎಂದು ಹೇಳಿದರೆ ಅವರಿಗೆ ಅರ್ಥವಾಗುತ್ತದೆ. ತೂಕ ಬರೆದವರು ಅವರೇ ಅಲ್ಲವೆ?